ಇಪ್ಪತ್ತನಾಲ್ಕು ಹಾಳೆಗಳು ಮತ್ತು ಪಂಚಶೀಲಕ್ಕನ ಗುಂಡಿ

ಕೋಟನೂರಿನ ಪಂಚಶೀಲಕ್ಕನ ಕಣ್ಣಿನ ಬಗ್ಗೆ ಊರಲ್ಲಿ ಹೇಳುವುದರಲ್ಲಿ ಮುಕ್ಕಾಲು ಸುಳ್ಳು. ಆಕೆ ತನ್ನ ಮಾಳಿಗೆ ಮೇಲೆ ನಿಂತು, ಶರಣಬಸವೇಶ್ವರ ಗುಡಿಯ ಶಿಖರದ ಮೇಲೆ ಕೂತ ಪಾರಿವಾಳ ಯಾವ ಕಣ್ಣು ಮುಚ್ಚಿದೆ ಎಂದು ಹೇಳುತ್ತಾಳಂತೆ. ಇದು ಸುಳ್ಳು, ನಡುವೆ ಈಗ ಆರಂತಸ್ತಿನ ಕಟ್ಟಡಗಳು ಎದ್ದಿವೆ, ಗುಡಿಯೇ ಕಾಣುವುದಿಲ್ಲ. ಬ್ರಹ್ಮಪುರದ ಒಂದು ಮದುವೆಯಲ್ಲಿ ಮೂರನೇ ಪಂಕ್ತಿಯವನ ಅನ್ನದಲ್ಲಿ ಕಲ್ಲು ಕಂಡು, ಅವನು ತುತ್ತು ಎತ್ತುವ ಮೊದಲೇ ಹೋಗಿ ಆರಿಸಿ ಬಂದಳಂತೆ. ಇದು ಅರ್ಧ ಸುಳ್ಳು. ಅದು ಎರಡನೇ ಪಂಕ್ತಿ. ಉಳಿದ ಕಾಲು ಭಾಗ ಖರೆ, ಮತ್ತು ನಂಬಲಿಕ್ಕೆ ಕಷ್ಟವಾದದ್ದು ಆ ಖರೆಯ ಭಾಗವೇ.

ಆಕೆಗೆ ಈಗ ಐವತ್ತೆರಡು. ಕೋಟನೂರು ಇನ್ನೂ ಪಕ್ಕಾ ಹಳ್ಳಿಯಾಗಿದ್ದಾಗ ಹುಟ್ಟಿದವಳು. ಆಕೆ ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ; ಕಲಬುರಗಿಯೇ ನಡೆದುಕೊಂಡು ಬಂದು ಆಕೆಯ ಬಾಗಿಲಿಗೆ ನಿಂತಿತು. ಮ್ಯಾಟ್ರಿಕ್ ಪಾಸಾದ ಮೇಲೆ ಇಪ್ಪತ್ಮೂರು ವರ್ಷ ಬೇಳೆ ಮಿಲ್ಲಿನಲ್ಲಿ ತೊಗರಿ ಬೇಳೆ ಹಸನು ಮಾಡಿದಳು. ಕಲ್ಲು, ಕರಿಕಾಳು, ಸಿಪ್ಪೆ ಬಿಡದ ಹಟಮಾರಿ ಬೇಳೆ, ಎಲ್ಲವನ್ನೂ ಬೆರಳಿನಿಂದ ಎತ್ತಿ ಎಸೆಯುವ ಕೆಲಸ. ಹೊಸದಾಗಿ ಬಂದವರಿಗೆ ಆಕೆ ಹೇಳುತ್ತಿದ್ದ ಪಾಠ ಒಂದೇ.

"ಹುಡುಕಬ್ಯಾಡ್ರಿ. ಹುಡುಕಿದ್ರ ಕಣ್ಣು ದಣೀತದ. ಸುಮ್ಮ ಬ್ಯಾಳಿ ಮ್ಯಾಲೆ ಕಣ್ಣು ಹರದಾಡಲಿ. ಬ್ಯಾಳಿ ಅಲ್ಲದ್ದು ಬಂತಂದ್ರ ಕೈ ತಾನೇ ನಿಂದ್ರತದ."

ಆಮೇಲೆ ಮಿಲ್ಲಿಗೆ ಕಾಳು ಆರಿಸುವ ಯಂತ್ರ ಬಂತು, ನಲವತ್ತು ಹೆಂಗಸರು ಒಂದೇ ದಿನ ಮನೆಗೆ ಬಂದರು. ಪಂಚಶೀಲಕ್ಕ ಊರಿನ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಕಸ ಗುಡಿಸಲು ಸೇರಿಕೊಂಡಳು. ಒಂದು ದಿನ ಆಗಿನ ಪ್ರೊಫೆಸರ ಕೈಯಿಂದ ಸೂಕ್ಷ್ಮದರ್ಶಕದ ತಿರುಪು ಜಾರಿ ಬಿತ್ತು. ಸಾಸಿವೆ ಕಾಳೇ ಅದಕ್ಕೆ ಅಜ್ಜ ಅನ್ನುವಷ್ಟು ಸಣ್ಣದು. ಮೂರು ಜನ ಎಂ.ಎಸ್ಸಿ. ಪಾಸಾದವರು ಎರಡು ತಾಸು ನೆಲದ ಮೇಲೆ ತೆವಳಿದರು. ಈಕೆ ಬಂದು, ತಾನು ಆಗಲೇ ಗುಡಿಸಿಟ್ಟಿದ್ದ ಕಸವನ್ನು ಮೊರದಲ್ಲಿ ಎರಡು ಸಲ ಆಡಿಸಿ, ತಿರುಪನ್ನು ಎತ್ತಿ ಕೊಟ್ಟಳು. ಮರುದಿನದಿಂದ ಪ್ರೊಫೆಸರು ಆಕೆಯ ಕೈಯಿಂದ ಕಸಬರಿಗೆ ಇಸಿದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ಅದಕ್ಕೆ ಹನ್ನೊಂದು ವರ್ಷವಾಯಿತು.

ಆಕೆಗೆ ಕೊಟ್ಟ ಕೆಲಸ ಆಕಾಶವನ್ನು ಹಸನು ಮಾಡುವುದು.

ಮೇಲಿಂದ ಪುಕ್ಕಟೆ ಬೀಳುವ ವಸ್ತುಗಳಲ್ಲಿ ಕಲಬುರಗಿಯವರಿಗೆ ಚೆನ್ನಾಗಿ ಪರಿಚಯ ಇರುವುದು ಬಿಸಿಲು. ನಮ್ಮಲ್ಲಿ ಮೇ ತಿಂಗಳಿನಲ್ಲಿ ಹಲ್ಲಿ ಕೂಡ ಗೋಡೆ ಮೇಲೆ ಒಂದು ಕಾಲು ಇಟ್ಟು ಮೂರು ಕಾಲು ಎತ್ತಿ ನಿಲ್ಲುತ್ತದೆ. ಆದರೆ ಬಿಸಿಲಿನ ಜೊತೆ ಇನ್ನೊಂದು ಬೀಳುತ್ತದೆ, ಅದಕ್ಕೆ ವಿಶ್ವಕಿರಣ ಅನ್ನುತ್ತಾರೆ. ಹೆಸರಿಗೆ ಕಿರಣ, ನಿಜದಲ್ಲಿ ಅವು ಪರಮಾಣುವಿನ ನಡುವಿನ ಗಟ್ಟಿ ಬೀಜಗಳು, ಬೆಳಕಿನ ಬೆನ್ನು ಹತ್ತಿ ಓಡಿ ಬರುವಂಥವು. ಹತ್ತರಲ್ಲಿ ಒಂಬತ್ತು ಬೀಜ ಹೈಡ್ರೋಜನ್ನಿನವು. ಕಬ್ಬಿಣದವು ಅಪರೂಪ. ಕಬ್ಬಿಣಕ್ಕಿಂತ ಭಾಳ ಭಾರವಾದ ಪ್ಲಾಟಿನಂ, ಬಂಗಾರ, ಸೀಸದ ಬೀಜ ಬೇಕೆಂದರೆ ಹತ್ತು ಲಕ್ಷ ಕಬ್ಬಿಣದವು ಹಾದುಹೋದ ಮೇಲೆ ಒಂದೋ ಎರಡೋ. ಈ ಭಾರದವು ಎಲ್ಲಿ ಹುಟ್ಟಿದವು, ಯಾರು ಇಷ್ಟು ಜೋರಾಗಿ ಎಸೆದರು ಅನ್ನುವುದು ವಿದ್ವಾಂಸರಿಗೆ ಇನ್ನೂ ಪೂರ್ತಿ ಇತ್ಯರ್ಥವಾಗದ ಪ್ರಶ್ನೆ.

ಅವನ್ನು ಹಿಡಿಯಲು ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದೆ. ಅದು ಹಳೇ ಕಾಲದ ಜಾಗೀರದಾರನಂತೆ. ಸಣ್ಣವರ ಸಲಾಮು ತಗೊಳ್ಳುವುದಿಲ್ಲ. ಹೈಡ್ರೋಜನ್ ಹೋಗಲಿ, ಕಬ್ಬಿಣ ಹಾದುಹೋದರೂ ಅದಕ್ಕೆ ಗುರುತೇ ಬೀಳುವುದಿಲ್ಲ. ಪ್ಲಾಟಿನಂ ಅಂತಸ್ತಿನವರು ಬಂದರೆ ಮಾತ್ರ ಒಳಗೆ ಕಣ್ಣಿಗೆ ಕಾಣದ ಒಂದು ಗಾಯ ಬೀಳುತ್ತದೆ. ಹಾಳೆಯನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಆ ಗಾಯ ಬಾಯಿ ತೆರೆದು ಗುಂಡಿಯಾಗುತ್ತದೆ. ಇಪ್ಪತ್ತನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಪೆಟ್ಟಿಗೆಗೆ ಹಾಕಿ, ಹೈದರಾಬಾದಿನ ಕಡೆಯಿಂದ ಹಾರಿಸುವ ದೊಡ್ಡ ಬಲೂನಿಗೆ ಕಟ್ಟುತ್ತಾರೆ. ಬಲೂನು ಮೋಡದ ಮೇಲೆ, ಗಾಳಿ ತೆಳುವಾದ ಜಾಗದಲ್ಲಿ ಒಂದು ದಿನ ತೇಲಿ ಇಳಿಯುತ್ತದೆ. ಇಳಿದ ಹಾಳೆಗಳನ್ನು ಪಂಚಶೀಲಕ್ಕ ಸೂಕ್ಷ್ಮದರ್ಶಕದ ಕೆಳಗೆ ಮೂಲೆಯಿಂದ ಮೂಲೆಗೆ ನೋಡುತ್ತಾಳೆ. ಹನ್ನೊಂದು ವರ್ಷದಲ್ಲಿ ಆಕೆ ನೋಡಿದ ಹಾಳೆಗಳನ್ನು ಸಾಲಾಗಿ ಹಾಸಿದರೆ ಅದರ ಮೇಲೆ ನಡೆದು ಹೈದರಾಬಾದಿಗೆ ಹೋಗಿ, ಬಿರ್ಯಾನಿ ಉಂಡು, ವಾಪಸ್ ಬರಬಹುದು. ಸಿಕ್ಕ ಭಾರದ ಬೀಜ ಒಂದೂ ಇಲ್ಲ.

ಈ ವರ್ಷ ಮಾರ್ಚಿನ ಮೊದಲ ವಾರದಲ್ಲಿ ಹಾರಿಸಿದ ಬಲೂನು ಕಮಲಾಪುರದ ಹತ್ತಿರ ಇಳಿಯಿತು. ದೊಡ್ಡ ಸಾಮಾನುಗಳನ್ನು ಬಲೂನಿನವರು ಅಂದೇ ಒಯ್ದರು. ಹಾಳೆಗಳ ಪೆಟ್ಟಿಗೆ ಮಾತ್ರ ಹಗ್ಗ ಬಿಚ್ಚಿಕೊಂಡು, ಅಣವೀರಪ್ಪ ಎಂಬವನ ಕೆಂಪು ಬಾಳೆ ತೋಟದಲ್ಲಿ ಬಿದ್ದಿತ್ತು. ಅದು ಬಿದ್ದ ಸಪ್ಪಳಕ್ಕೆ ಕೆಂಪು ಬಾಳೆ ಅಂಜಿ ಹಳದಿಯಾಯಿತು ಎಂದು ಅಣವೀರಪ್ಪ ಹೇಳುತ್ತಾನೆ, ಸಾಕ್ಷಿಗೆ ಒಂದು ಗೊನೆಯನ್ನೂ ತೋರಿಸುತ್ತಾನೆ. ಆ ಗೊನೆ ಬೇರೆ ಜಾತಿಯದು.

ಪೆಟ್ಟಿಗೆಯ ಸುಳಿವು ಸಿಕ್ಕು ಕಾಲೇಜಿನ ಜೀಪು ಅಲ್ಲಿ ಮುಟ್ಟುವಾಗ ನಾಲ್ಕು ದಿನ ಕಳೆದಿತ್ತು. ಜೀಪಿನಲ್ಲಿದ್ದವರು ಮೂರು ಜನ: ಡ್ರೈವರ್ ಬಂದೇನವಾಜ್, ಪಂಚಶೀಲಕ್ಕ, ಮತ್ತು ಈ ಕೆಲಸದ ಮುಖ್ಯಸ್ಥ ಡಾಕ್ಟರ್ ಮೌನೇಶ. ಮೌನೇಶನಿಗೆ ಮೂವತ್ತನಾಲ್ಕು ವಯಸ್ಸು, ನೀಟಾದ ಮನುಷ್ಯ, ಚಹಾಕ್ಕೆ ಸಕ್ಕರೆ ಹಾಕುವಾಗಲೂ ಎರಡು ಸಲ ಅಳೆಯುವವನು. ಅಣವೀರಪ್ಪನ ಹೆಂಡತಿ ಶಿವಕಾಂತಮ್ಮ ಹಾಳೆಗಳ ಕಟ್ಟನ್ನು ಸೆರಗಿನಿಂದ ಒರೆಸಿ ಅವನ ಕೈಗಿಟ್ಟಳು. ಅವನ ಮುಖಕ್ಕೆ ಸುಣ್ಣ ಬಳಿದಂತಾಯಿತು.

"ಅಮ್ಮಾರ, ಇದರ ಮ್ಯಾಲೆ ನಂಬರ್ ಬರದಿದ್ವಿರಿ."

"ಹೌದ್ರಿ ಸಾಹೇಬ್ರ, ಯಾರೋ ಮಾರ್ಕರ್ ಲೆ ಗೀಚಿದ್ರು. ಬೂದಿ ಹಚ್ಚಿ, ತೆಂಗಿನ ನಾರಿಲೆ ತಿಕ್ಕಿ ತಿಕ್ಕಿ ತಗದೀನಿ. ಈಗ ನೋಡ್ರಿ, ಕನ್ನಡಿ ಆಗ್ಯಾವ."

"ಪೆಟ್ಟಿಗಿ ಮ್ಯಾಲೆ 'ಅನಧಿಕೃತ ಸ್ಪರ್ಶ ನಿಷಿದ್ಧ' ಅಂತ ದೊಡ್ಡದಾಗಿ ಇತ್ತಲ್ರಿ."

"ಓದೀನ್ರಿ. ಮೈಲಿಗಿಲೆ ಮುಟ್ಟಬಾರ್ದಂತಲ್ರಿ. ತಲಿಮ್ಯಾಲೆ ನೀರು ಹಾಕ್ಕೊಂಡೇ ಮುಟ್ಟೀನಿ."

ಪಂಚಶೀಲಕ್ಕ ಮೆಲ್ಲಗೆ ಕೇಳಿದಳು: "ಏನ್ ಮಾಡಿದ್ರಿ ಅಮ್ಮಾರ, ಈ ಹಾಳಿಲಿಂದ?"

"ಜ್ವಾಳದ ಸಂಡಿಗಿ ಹಾಕಿದ್ದೆ ತಂಗಿ. ಎರಡು ದಿನ ಮಾಳಗಿ ಮ್ಯಾಲೆ ಒಣಗಿದ್ವು. ಇಂಥಾ ಹಾಳಿ ಸೂಪರ್ ಮಾರ್ಕೆಟ್‌ನಾಗೂ ಸಿಗಂಗಿಲ್ಲ ಬಿಡು. ಒಂದು ಸಂಡಿಗಿನೂ ಅಂಟ್ಲಿಲ್ಲ."

ಹಾಳೆಗಳ ಸರಣಿ ಹೋಗಿತ್ತು. ಯಾವುದು ಮೇಲಿನದು, ಯಾವುದು ಕೆಳಗಿನದು, ಯಾವ ಅಂಚು ಎತ್ತ ಕಡೆ, ಒಂದೂ ಉಳಿದಿರಲಿಲ್ಲ. ಮೌನೇಶ ದಾರಿಯುದ್ದಕ್ಕೂ ಶಿವಕಾಂತಮ್ಮನ ಮೇಲೆ ಸಿಟ್ಟಾಗಲು ಪ್ರಯತ್ನಿಸಿದ. ಆದರೆ ನಂಬರುಗಳನ್ನು ಸೂಜಿಯಿಂದ ಕೊರೆಯುವ ಬದಲು ಅವಸರದಲ್ಲಿ ಮಾರ್ಕರಿನಿಂದ ಬರೆದವನು ತಾನೇ ಅನ್ನುವುದು ಅವನಿಗೆ ಗೊತ್ತಿತ್ತು.

ಆದರೂ ಹಾಳೆಗಳನ್ನು ಸೋಡಾದಲ್ಲಿ ನೆನೆಸಿದರು. ಪಂಚಶೀಲಕ್ಕ ಒಂದೊಂದಕ್ಕೆ ಎರಡು ದಿನದಂತೆ ನೋಡುತ್ತ ಹೋದಳು. ಬೂದಿ ಹಚ್ಚಿ ತಿಕ್ಕಿದ್ದರಿಂದ ಗೀರುಗಳೆಲ್ಲ ಅಗಲವಾಗಿ, ಹಾಳೆ ಮಳೆಗಾಲದ ನಮ್ಮ ರಿಂಗ್ ರಸ್ತೆಯ ಹಾಗೆ ಗುಂಡಿ ಬಿದ್ದಿತ್ತು. ಒಂಬತ್ತನೇ ದಿನ ಮಧ್ಯಾಹ್ನ ಆಕೆಯ ಕೈ ತಾನೇ ನಿಂತಿತು. ಆಕೆ ಹತ್ತು ನಿಮಿಷ ಅಲ್ಲಾಡದೆ ನೋಡಿ, ಆಮೇಲೆ ಪಕ್ಕದ ಕೋಣೆಗೆ ಕೂಗಿದಳು.

"ಸರ್, ಬರ್ರಿ. ಬೀಗರು ಬಂದಾರ."

ಮೌನೇಶ ಬಂದು ಬಗ್ಗಿ ನೋಡಿದ. ಗುಂಡಿ ದುಂಡಗೆ ಶುರುವಾಗಿ ಆಳಕ್ಕೆ ಮೊನಚಾಗಿತ್ತು, ಆಲಿಕೆಯ ಹಾಗೆ.

"ಈ ಹಾಳಿ ಮ್ಯಾಲೆ ಒಟ್ಟು ಎಷ್ಟು ಗುಂಡಿ ಅವ, ಪಂಚಶೀಲಕ್ಕ?"

"ನಾನೂರ ಹನ್ನೆರಡು."

"ನಾನೂರ ಹನ್ನೊಂದು ಬೂದಿವು. ಇದೊಂದು ಯಾಕ ಬೂದಿದಲ್ಲ?"

"ನಿಮಗ ಕಡ್ಲಿ ಬ್ಯಾಳಿಗೂ ತೊಗರಿ ಬ್ಯಾಳಿಗೂ ಫರಕ್ ಹೆಂಗ ತಿಳೀತದ್ರಿ?"

"ಡಬ್ಬಿ ಮ್ಯಾಲೆ ಚೀಟಿ ಹಚ್ಚಿರ್ತಾರ."

ಪಂಚಶೀಲಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಎರಡು ದಿನ ಚಹಾ ಕೇಳಲಿಲ್ಲ.

ಖರೆ ಬೀಜವಾದರೆ ಅದು ಇಪ್ಪತ್ತನಾಲ್ಕೂ ಹಾಳೆಗಳನ್ನು ನೆಟ್ಟಗೆ ತೂರಿ ಹೋಗಿರಬೇಕು. ಮೇ ತಿಂಗಳ ಎರಡನೇ ವಾರಕ್ಕೆ ಪಂಚಶೀಲಕ್ಕ ಪ್ರತಿ ಹಾಳೆಯಲ್ಲೂ ಅಂಥದೊಂದು ಗುಂಡಿ ಆರಿಸಿದಳು. ತನಗೆ ತಿಳಿದಂತೆ ಹಾಳೆಗಳನ್ನು ಜೋಡಿಸಿ ಮೌನೇಶನಿಗೆ ತೋರಿಸಿದಳು. ಗುಂಡಿಗಳು ಓರೆಯಾದ ಒಂದು ಗೆರೆಯಲ್ಲಿ ಬಂದು ನಿಂತಿದ್ದವು. ಮೌನೇಶ ಎರಡು ಸಲ ಅಳೆದು ನೋಡಿದ. ಆಮೇಲೆ ಮೆತ್ತಗೆ ಮಾತಾಡಿದ.

"ಅಕ್ಕ, ಒಂದೊಂದು ಹಾಳಿಗೆ ನಾಕುನೂರು ಗುಂಡಿ. ಚೌಕ ಹಾಳಿ, ಹೆಂಗ ಬೇಕಾದ್ರೂ ತಿರುಗಿಸಬಹುದು, ಬೋರಲು ಹಾಕಬಹುದು. ಸರಣಿನೂ ನಿಮ್ದೇ, ಗುಂಡಿನೂ ನಿಮ್ದೇ. ನೀವು ಹೇಳಿದಂಗ ಜೋಡಿಸಿದ್ರ ಗೆರಿ ಬರ್ದೇ ಏನಾಗ್ತದ? ನಾನು ನಂಬಿದ್ರೂ ಹೊರಗಿನವ್ರು ನಂಬಂಗಿಲ್ಲ. ಸೋಮವಾರ ವರದಿ ಹೋಗಬೇಕು. ಹಾಳಿ ಕೆಟ್ಟಾವ, ಏನೂ ಸಿಗ್ಲಿಲ್ಲ ಅಂತ ಬರೀತೀನಿ."

"ಹಾಳಿ?"

"ಭಂಗಾರಕ್ಕ."

ಗುಜರಿ ಅಂಗಡಿಗೆ ಹಾಕುವುದಕ್ಕೆ ನಮ್ಮಲ್ಲಿ ಭಂಗಾರ ಅನ್ನುತ್ತಾರೆ. ಹನ್ನೊಂದು ವರ್ಷಕ್ಕೆ ಒಂದೇ ಒಂದು ಕಾಳು ಕೈಗೆ ಹತ್ತಿತ್ತು. ಅದು ಖರೆ ಅನ್ನುವುದು ಪಂಚಶೀಲಕ್ಕನಿಗೆ ತನ್ನ ಹೆಸರಿನಷ್ಟು ಗೊತ್ತಿತ್ತು. ಗೊತ್ತಿದ್ದರೆ ಸಾಲದು ಅನ್ನುವುದೂ ಗೊತ್ತಾಯಿತು. ಅಂದು ಶುಕ್ರವಾರ.

ಶನಿವಾರ ಬೆಳಿಗ್ಗೆ ಹಾಳೆಗಳನ್ನು ಕಟ್ಟಿ ಇಡಲೆಂದು ಎತ್ತಿದಾಗ, ಕಿಟಕಿಯ ಎಳೆ ಬಿಸಿಲು ಓರೆಯಾಗಿ ಬಿದ್ದು, ಹಾಳೆಯ ತುಂಬ ದುಂಡು ದುಂಡಾದ ಮಬ್ಬು ಗುರುತು ಕಂಡವು. ಇನ್ನೊಂದು ಎತ್ತಿದಳು, ಅದರಲ್ಲೂ ಇದ್ದವು, ಆದರೆ ಕೊಂಚ ಸಣ್ಣವು. ಆಕೆ ಇಪ್ಪತ್ತನಾಲ್ಕನ್ನೂ ಕಿಟಕಿಗೆ ಹಿಡಿದು ನೋಡಿ ಮೌನೇಶನನ್ನು ಕರೆದಳು.

"ಸರ್, ಸಂಡಿಗಿ ಕುಂತ ಜಾಗಾ."

ಮೌನೇಶ ಬೆರಳು ಆಡಿಸಿ ನೋಡಿದ. "ಬಿಸಿಲು ಬಿದ್ದ ಪ್ಲಾಸ್ಟಿಕ್ ಮೆತ್ತಗಾಗ್ತದ, ಅದನ್ನ ಸೋಡಾ ಜಾಸ್ತಿ ತಿಂತದ. ಸಂಡಿಗಿ ನೆರಳಾಗಿದ್ದ ಜಾಗಾ ಕಡಿಮಿ ತಿಂದದ. ಅದಕ್ಕ ಉಬ್ಬಿ ಉಳದದ."

"ಅದಿರ್ಲಿ. ಇವು ಯಾಕ ದೊಡ್ಡವು, ಇವು ಯಾಕ ಸಣ್ಣವು? ಅಂಬಲಿ ಬಿಸಿ ಇದ್ದಾಗ ಹರದಾಡ್ತದ, ಸಂಡಿಗಿ ಅಗಲ ಬೀಳ್ತದ. ಆರಿದಂಗ ಗಟ್ಟಿ ಆಗ್ತದ, ಸಣ್ಣ ಬೀಳ್ತದ. ಆ ಅಮ್ಮ ಕಟ್ಟಿನ ಮ್ಯಾಲಿನ ಹಾಳಿ ಮೊದಲ ತಗದಿದ್ರ, ಸರಣಿ ಸಂಡಿಗಿ ಒಳಗೇ ಅದ."

ಮೌನೇಶ ಕುರ್ಚಿ ಎಳೆದು ಕೂತ. ಕೂತವನು ಎದ್ದ. ನೀಟಾದ ಮನುಷ್ಯನಾದ್ದರಿಂದ ಸಂತೋಷಪಡುವ ಮೊದಲು ಒಂದು ಕರಾರು ಹಾಕಿದ.

"ಜೋಡಿಸೋದು ನೀವಲ್ಲ. ನಿಮಗ ಗುಂಡಿ ಗೊತ್ತದ. ನೀವು ಆರಿಸಿದ ಗುಂಡಿ ಹಾಳಿ ಮ್ಯಾಲೆ ಎಲ್ಲೆಲ್ಲಿ ಅವ, ಬರದು ಲಕೋಟಿಗಿ ಹಾಕಿ ಅಂಟಿಸ್ರಿ. ಆ ಅಮ್ಮ ಸಂಡಿಗಿ ನೋಡಿ ಜೋಡಿಸ್ಲಿ. ನೀವು ಒಂದು ಮಾತು ಆಡಬಾರ್ದು, ಕಣ್ಣು ಸನ್ನಿನೂ ಮಾಡಬಾರ್ದು. ಆಮ್ಯಾಲೆ ಲಕೋಟಿ ಒಡಿಯೋಣ. ಗೆರಿ ಬಂತೋ, ಬಂತು. ಬರ್ಲಿಲ್ಲೋ, ಭಂಗಾರ."

"ಆಗ್ಲಿ," ಎಂದಳು ಪಂಚಶೀಲಕ್ಕ.

ಭಾನುವಾರ ಬೆಳಿಗ್ಗೆ ಜೀಪು ಕಮಲಾಪುರದ ದಾರಿ ಹಿಡಿಯಿತು. ಲಕೋಟೆ ಬಂದೇನವಾಜನ ಅಂಗಿಯ ಕಿಸೆಯಲ್ಲಿತ್ತು. ಅವನು ಅಂದು ಹೈಕೋರ್ಟ್ ಜಡ್ಜ್ ಕೂತಷ್ಟು ನೆಟ್ಟಗೆ ಕೂತು ಗಾಡಿ ಓಡಿಸಿದ.

"ಆಪಾ, ಈ ನಿಮ್ಮ ಬೀಗರು ಯಾವ ಊರಿನವ್ರು?" ಎಂದು ಕೇಳಿದ.

"ಊರು ಸಿಗಂಗಿಲ್ಲ ಬಂದೇನವಾಜ್. ದಾರಿಯಾಗ ಅಯಸ್ಕಾಂತದ ಸೆಳವು ಅವ. ಲಕ್ಷಾಂತರ ವರ್ಷ ತಿರುಗಿಸಿ ತಿರುಗಿಸಿ ಬಿಡ್ತಾವ. ಯಾವ ಕಡಿಂದ ಬಂತೋ ಆ ಕಡಿಗಿ ಅದರ ಮನಿ ಇರಂಗಿಲ್ಲ. ಆದ್ರ ಮಾತು ಕೇಳಿ ಇವ ಬೀದರ್ ಕಡಿಯವ, ಇವ ರಾಯಚೂರ ಕಡಿಯವ ಅಂತ ಹೇಳ್ತೀವಲ್ಲ, ಹಂಗ. ಯಾವ ತೂಕದವು ಎಷ್ಟು ಬರ್ತಾವ ಅಂತ ನೋಡಿ ಸೀಮಿ ಹೇಳ್ತಾರ."

"ಯಾವ ಸೀಮಿ?"

"ಕಬ್ಬಿಣದತನಕ ನಕ್ಷತ್ರ ತನ್ನ ಒಲಿಯಾಗೇ ಬೇಯಿಸ್ತದ. ಪ್ಲಾಟಿನಂ, ಬಂಗಾರಕ್ಕ ಆ ಒಲಿ ಸಾಲಂಗಿಲ್ಲ. ದೊಡ್ಡ ನಕ್ಷತ್ರ ಒಡೀಬೇಕು, ಇಲ್ಲಾ ಎರಡು ಸತ್ತ ನಕ್ಷತ್ರ ಒಂದಕ್ಕೊಂದು ಡಿಕ್ಕಿ ಹೊಡೀಬೇಕು. ಯಾವುದರಾಗ ಎಷ್ಟು ಬೇಯ್ತದ ಅಂತ ಇನ್ನಾ ಜಗಳ ನಡದದ. ಬೆಂದದ್ದು ಹೊರಗ ಬಿದ್ದು ಧೂಳಾಗಿ ಕೂಡ್ತದ. ಮಗ್ಗಲದಾಗ ಮತ್ತೊಂದು ನಕ್ಷತ್ರ ಒಡೀತಂದ್ರ, ಆ ಧಕ್ಕಾ ಬಡದು ಧೂಳು ಹೊಂಡ್ತದ. ಹೊಂಟ ಧೂಳಿನ ಮೈಯಿಂದ ಒಂದೊಂದು ಕಾಳು ಉದುರಿ, ಅವು ಮತ್ತ ಜೋರು ಹಿಡೀತಾವ."

ಆಕೆ ತನ್ನಷ್ಟಕ್ಕೇ ಎಂಬಂತೆ ಮುಂದುವರಿಸಿದಳು. "ಮೊದಲ ಕೇಳಿದಾಗ ನಾ ಒಪ್ಪಲಿಲ್ಲ. ಮೊರದಾಗ ಕೇರಿದ್ರ ಹೊಟ್ಟು ಹಾರ್ತದ, ಕಾಳು ನಿಂದ್ರತದ. ಮ್ಯಾಲೆ ಉಲ್ಟಾ. ಹಗುರಾಗಿ ಹವಾದಂಗ ತಿರುಗೋವು ಹಿಂದ ಉಳೀತಾವ, ಧೂಳಾಗಿ ಗಟ್ಟಿ ಕುಂತವು ಮುಂದ ಹೊಂಡ್ತಾವ. ಸೀಸ ಧೂಳಾಗಿ ಛಂದ ಕೂಡಂಗಿಲ್ಲ, ಅದಕ್ಕ ಅದು ಕಡಿಮಿ ಬರ್ತದ. ಪ್ಲಾಟಿನಂ ಕೂಡ್ತದ. ಎರಡು ವರ್ಷ ಬೇಕಾತು ನನಗ, ಇದು ತಲಿಗಿ ಇಳೀಲಿಕ್ಕ."

"ನಮ್ಮ ಮೊಹಲ್ಲಾದಾಗೂ ಹಂಗೇ ಆಪಾ. ದಪ್ಪ ಮಂದಿನೇ ಧಕ್ಕಾ ಹೊಡದು ಬಸ್ಸಿನಾಗ ಮೊದಲ ಹತ್ತತಾರ," ಎಂದ ಬಂದೇನವಾಜ್.

ಅಣವೀರಪ್ಪನ ಮನೆ ಮುಟ್ಟಿದಾಗ ಪಂಚಶೀಲಕ್ಕ ಕಟ್ಟೆಯ ಹೊರತುದಿಯಲ್ಲಿ ಕೂತಳು. ಕಾಲ ಬದಲಾಗಿದೆ, ಕಾನೂನು ಬದಲಾಗಿದೆ. ಆದರೂ ಪರಊರಿನ ಕಟ್ಟೆಯ ಮೇಲೆ ಎಲ್ಲಿ ಕೂಡಬೇಕು ಅನ್ನುವುದನ್ನು ಕಾಲುಗಳು ಮರೆತಿರುವುದಿಲ್ಲ. ಶಿವಕಾಂತಮ್ಮ ಅದನ್ನು ನೋಡಿದಳೋ ಇಲ್ಲವೋ, ವಿಷಯ ಕೇಳಿದವಳೇ ಸೆರಗು ಸಿಗಿಸಿ ಆಕೆಯ ಮೊಣಕೈ ಹಿಡಿದು ಎಬ್ಬಿಸಿದಳು.

"ಇಲ್ಲಿ ಯಾಕ ಕುಂತಿ ತಂಗಿ, ನಡಿ ಮಾಳಗಿಗಿ. ಬಿಸಿಲು ಏರಿದ್ರ ನೆರಳು ಕಾಣಂಗಿಲ್ಲ."

ಮಾಳಿಗೆಯಲ್ಲಿ ಹಾಳೆಗಳನ್ನು ಕಲೆಸಿ ಆಕೆಯ ಮುಂದಿಟ್ಟರು. ಮೌನೇಶ ಕೇಳಿದ: "ಅವತ್ತು ಹೆಂಗ ತಗೊಂಡ್ರಿ ಅಮ್ಮಾರ, ಮ್ಯಾಲಿಂದೋ, ಕೆಳಗಿಂದೋ?"

"ಮ್ಯಾಲಿಂದೇ ಒಂದೊಂದೇ. ಬೂದಿ ಹಚ್ಚಿ ತಿಕ್ಕಿದ್ದು ಸಂಡಿಗಿ ತಗದ ಮ್ಯಾಲೆ. ಈ ಮೂಲಿ ಹಿಡದು ಎತ್ತೀನಿ, ಅದಕ್ಕ ಈ ಮೂಲಿಗಿ ಸಂಡಿಗಿ ಹಾಕಂಗಿಲ್ಲ, ಖಾಲಿ ಬಿಡ್ತೀನಿ. ನೋಡ್ರಿ, ಎಲ್ಲಾ ಹಾಳಿಗೂ ಒಂದು ಮೂಲಿ ಖಾಲಿ ಅದ."

"ಎಲ್ಲಾ ನೀವೇ ಹಾಕಿದ್ರಿ?"

"ಮತ್ಯಾರು? ಅಂಬಲಿ ತಿರುವಿದ ಕೈನೇ ಸಂಡಿಗಿ ಹಾಕಬೇಕು. ನಡಬರಕ ಕೈ ಬದಲಾತಂದ್ರ, ಕರದಾಗ ಸಂಡಿಗಿ ಕೆಂಪಗಾಗ್ತಾವ. ನನ್ನ ಖಾಸ ತಂಗಿಗೂ ನಾ ಮುಟ್ಟಗೊಡಂಗಿಲ್ಲ."

ಆಕೆ ಒಂದು ಹಾಳೆ ಎತ್ತಿ ಬಿಸಿಲಿಗೆ ಓರೆ ಹಿಡಿದಳು. "ಇದು ಮೊದಲ್ನೇದು. ಕೊತ ಕೊತ ಕುದಿತಿತ್ತು, ಹೋಳಿಗಿ ಅಗಲ ಹರದಾವ." ಇನ್ನೊಂದು. ಮತ್ತೊಂದು. ಉಬ್ಬಿದ ಮೈ ಮೇಲೆ ಮಾಡಿ, ಖಾಲಿ ಮೂಲೆಗೆ ಖಾಲಿ ಮೂಲೆ ಕೂಡಿಸಿ ಇಡುತ್ತ ಹೋದಳು. ಮೌನೇಶ ಪ್ರತಿ ಹಾಳೆಯ ಅಂಚಿಗೆ ಸೂಜಿಯಿಂದ ನಂಬರು ಕೊರೆದ, ಬಹಳ ಆಳವಾಗಿ. ಪಂಚಶೀಲಕ್ಕ ಎರಡೂ ಕೈ ಮಡಿಲಲ್ಲಿಟ್ಟು ದೂರದ ಬಾಳೆ ತೋಟ ನೋಡುತ್ತ ಕೂತಿದ್ದಳು. ಆ ಒಂದು ತಾಸಿನಲ್ಲಿ ಆಕೆ ತೋಟದ ಎಲೆಗಳನ್ನೆಲ್ಲ ಎಣಿಸಿ, ತಪ್ಪಾಯಿತೆಂದು ಮತ್ತೊಮ್ಮೆ ಎಣಿಸಿದಳು ಎಂದು ಬಂದೇನವಾಜ್ ಹೇಳುತ್ತಾನೆ.

ಹನ್ನೆರಡು ಮುಗಿದು ಹದಿಮೂರನೆಯದು ಇಡುವ ಮೊದಲು ಶಿವಕಾಂತಮ್ಮ ಒಂದು ಹಾಳೆ ಎತ್ತಿದಳು, ಹುಬ್ಬು ಗಂಟಿಕ್ಕಿದಳು, ಪಕ್ಕಕ್ಕೆ ತಳ್ಳಿದಳು.

"ಇದು ನನ್ನ ಕೈ ಅಲ್ಲ."

ಮೌನೇಶನ ಸೂಜಿ ಅಲ್ಲೇ ನಿಂತಿತು. ಒಂದು ಹಾಳೆ ಬೇರೆ ಕೈಯದಾದರೆ ಉಳಿದವುಗಳ ಗತಿ ಏನು? ಪಂಚಶೀಲಕ್ಕ ಸೆರಗಿನ ತುದಿ ಹಲ್ಲಿಗೆ ಕಚ್ಚಿದಳು. ಆ ಹಾಳೆ ತನ್ನ ಲೆಕ್ಕದಲ್ಲಿ ಎಷ್ಟನೆಯದು ಅನ್ನುವುದು ಆಕೆಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಎಲ್ಲ ಮುಗಿದಂತೆ.

"ಅಮ್ಮಾರ, ಈಗಷ್ಟೇ ಎಲ್ಲಾ ನಾನೇ ಹಾಕೀನಂದ್ರಿ," ಎಂದ ಮೌನೇಶ.

"ನಾ ಮುತ್ತು ಪೋಣಿಸಿದಂಗ ಸಾಲು ಹಿಡೀತೀನಿ ಸಾಹೇಬ್ರ. ಇದು ನೋಡ್ರಿ, ಎಮ್ಮಿ ಹೆಜ್ಜಿ ಇಟ್ಟಂಗದ." ಆಕೆ ಮೆಟ್ಟಿಲ ಕಡೆ ತಿರುಗಿದಳು. "ಏನ್ರೀ, ಸ್ವಲ್ಪ ಮ್ಯಾಲೆ ಬರ್ರಿ."

ಅಣವೀರಪ್ಪ ಬಂದ. ಹಾಳೆ ನೋಡಿದ. ವಾಪಸ್ ಇಳಿಯಲು ನೋಡಿದ.

"ಅವತ್ತು ಜಂಗಮರು ಭಿಕ್ಷಾಕ್ಕ ಬಂದಾಗ ನಾ ಕೆಳಗ ಇಳದಿದ್ದೆ. ಮ್ಯಾಲೆ ಬಂದು, ಇದ್ಯಾರು ಹಾಕಿದ್ದು ಅಂತ ಕೇಳಿದ್ರ, ನೀನೇ ಹಾಕಿ ಹೋಗೀದಿ ಅಂದ್ರಿ."

"ಅಂಬಲಿ ಗಟ್ಟಿ ಆಗ್ತದಂತ..." ಅಣವೀರಪ್ಪ ತಲೆ ತುರಿಸಿಕೊಂಡ. "ನಿನ್ನಂಗೇ ಮೂಲಿ ಹಿಡದು ಎತ್ತಿ, ಒಂದೇ ಹಾಳಿ ಹಾಕಿದ್ದೆ."

"ಎರಡು ತಿಂಗಳಾತು, ಡಬ್ಬಿಯಾಗ ನಡುನಡುವ ಕೆಂಪು ಸಂಡಿಗಿ ಬರಾಕತ್ತಾವ. ಉಪ್ಪಿಗಿ ಬೈದೆ, ಎಣ್ಣಿಗಿ ಬೈದೆ, ಜ್ವಾಳ ಕೊಟ್ಟ ದೌಲಪ್ಪಗೂ ಬೈದೆ. ಪಾಪ, ಆ ಮನಷ್ಯಾ ಬರೋದೇ ಬಿಟ್ಟಾನ."

"ಈಗ ಸರಿಯಾದ ವಿಳಾಸ ಸಿಕ್ತಲ್ರಿ," ಎಂದ ಬಂದೇನವಾಜ್.

ಮೌನೇಶ ಕೆಮ್ಮಿದ. "ಅಮ್ಮಾರ, ಅದನ್ನ ಎಲ್ಲಿ ಇಡೋದು?"

ಶಿವಕಾಂತಮ್ಮ ಉಳಿದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರ ನಂತರ ಒಂದು ಸಂಡಿಗೆ ಸಣ್ಣದಾಗುತ್ತ ಬಂದದ್ದು, ಹದಿಮೂರನೆಯದರ ನಂತರ ಥಟ್ಟನೆ ಎರಡು ಮೆಟ್ಟಿಲು ಇಳಿದಂತೆ ಸಣ್ಣದಾಗಿತ್ತು. ಆಕೆ ಅಲ್ಲಿ ಬೆರಳಿಟ್ಟಳು.

"ಇಲ್ಲಿ. ಜಂಗಮರಿಗೆ ಹಿಟ್ಟು ಹಾಕಿ, ಪಾದಕ್ಕ ನೀರು ಕೊಟ್ಟು ಮ್ಯಾಲೆ ಬರೋದ್ರಾಗ ಅಂಬಲಿ ಆರಿತ್ತು. ಇದು ನಾ ಹೋಗೂಮುಂದ ಹಾಕಿದ್ದು, ಇದು ಬಂದ ಮ್ಯಾಲೆ ಹಾಕಿದ್ದು. ಇವರದು ನಡುವ."

ಮೌನೇಶ ಅದರ ಅಂಚಿಗೆ ಹದಿನಾಲ್ಕು ಎಂದು ಕೊರೆದ. ಪಂಚಶೀಲಕ್ಕ ಸೆರಗು ಬಾಯಿಂದ ಬಿಟ್ಟಳು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲ್ಲಾಡಲಿಲ್ಲ.

ಇಪ್ಪತ್ತನಾಲ್ಕೂ ಮುಗಿದ ಮೇಲೆ ಬಂದೇನವಾಜ್ ಲಕೋಟೆ ತೆಗೆದು, ಎಲ್ಲರಿಗೂ ಅಂಟು ತೋರಿಸಿ, ಹರಿದ. ಮೆಟ್ಟಿಲ ನೆರಳಿನಲ್ಲಿ ಸಣ್ಣ ಸೂಕ್ಷ್ಮದರ್ಶಕ ಇಟ್ಟು ಮೌನೇಶ ಒಂದೊಂದು ಹಾಳೆಯ ಗುಂಡಿಯ ಜಾಗ ಅಳೆದು ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಟ್ಟ. ಚುಕ್ಕೆ ಕೂದಲೆಳೆಯಷ್ಟು ಜರುಗಿತು. ಮುಂದಿನದು ಮತ್ತೆ ಅಷ್ಟೇ ಜರುಗಿತು. ಹದಿನಾಲ್ಕನೆಯದು, ಅಣವೀರಪ್ಪನದು, ಸಾಲಿನಲ್ಲಿ ಕೂತಿತು. ಹತ್ತೊಂಬತ್ತನೆಯದು ಸಾಲು ಬಿಟ್ಟು ಹೊರಗೆ ಬಿತ್ತು. ಮೌನೇಶ ಪೆನ್ಸಿಲು ಕೆಳಗಿಟ್ಟ.

"ತಪ್ಪು ಓದೀರಿ ಸರ್," ಎಂದಳು ಪಂಚಶೀಲಕ್ಕ. ಜೋಡಿಸುವುದು ಮುಗಿದದ್ದರಿಂದ ಈಗ ಮಾತಾಡಬಹುದಿತ್ತು. "ನಾ ಬರದದ್ದು ಏಳು, ಒಂದಲ್ಲ. ನನ್ನ ಏಳಕ್ಕ ಬಾಲ ಕಡಿಮಿ."

ಅವನು ಮತ್ತೆ ಅಳೆದ. ಏಳರ ಜಾಗದಲ್ಲಿ ಗುಂಡಿ ಇತ್ತು, ಒಂದರ ಜಾಗದಲ್ಲಿ ಏನೂ ಇರಲಿಲ್ಲ. ಚುಕ್ಕೆ ಸಾಲಿಗೆ ಬಂತು. ಉಳಿದ ಐದೂ ಬಂದವು. ಅವನು ಸ್ಕೇಲು ಇಟ್ಟು ಗೆರೆ ಎಳೆದ; ಇಪ್ಪತ್ತನಾಲ್ಕು ಚುಕ್ಕೆ ಆ ಗೆರೆಯ ಕೆಳಗೆ ಮುಚ್ಚಿಹೋದವು.

"ಖರೇ ಅದ ಅಕ್ಕ," ಎಂದ.

"ಹೌದು," ಎಂದಳು ಆಕೆ.

"ನಾಳೆ ವರದಿ ಬ್ಯಾರೆ ಬರೀತೀನಿ. ಕಬ್ಬಿಣಕ್ಕಿಂತ ಭಾಳ ಭಾರದ್ದು, ಪ್ಲಾಟಿನಂ ಕಡೀದು, ಒಂದು. ನಿಮ್ಮ ಹೆಸರು ಮೊದಲ ಹಾಕ್ತೀನಿ. ಅಮ್ಮಾರದ್ದೂ ಹಾಕ್ತೀನಿ. ಸರಣಿ ಹೆಂಗ ಸಿಕ್ತು ಅನ್ನೋ ಕಡೆ..." ಅವನು ಸ್ವಲ್ಪ ತಡವರಿಸಿದ. "'ಸ್ಥಳೀಯವಾಗಿ ಲಭ್ಯವಿದ್ದ ವೃತ್ತಾಕಾರದ ವಸ್ತುಗಳ ನೆರಳಿನಿಂದ' ಅಂತ ಬರೀತೀನಿ."

"ಯಾಕ್ರಿ? ಸಂಡಿಗಿ ಅಂತ ಬರೀರಿ."

"ನಗ್ತಾರ ಪಂಚಶೀಲಕ್ಕ."

"ನಗಲಿ. ನಕ್ಕು ಮುಗದ ಮ್ಯಾಲೆ, ಖರೇ ಏನು ಅಂತ ಅವ್ರೂ ಮಾಡಿ ನೋಡ್ತಾರ. ಆಗ ಮಾಳಗಿ ಮ್ಯಾಲೆ ಏನ್ ಹಾಕಬೇಕು ಅವ್ರು, ವೃತ್ತಾಕಾರ ಹಾಕಬೇಕೇನು? ಹಿಟ್ಟು ಎಷ್ಟು, ನೀರು ಎಷ್ಟು, ಎಷ್ಟೊತ್ತಿಗಿ ಆರ್ತದ, ಎಷ್ಟೊತ್ತಿಗಿ ಗಟ್ಟಿ ಆಗ್ತದ, ಎಲ್ಲಾ ಬರೀಬೇಕು. ಇಲ್ಲಾಂದ್ರ ನನ್ನ ಗುಂಡಿ ಮತ್ತ ಸುಳ್ಳಾಗ್ತದ."

ಮೌನೇಶ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಶಿವಕಾಂತಮ್ಮನ ಎದುರು ಚಕ್ಕಳಮಕ್ಕಳ ಹಾಕಿ ಕೂತ.

"ಹೇಳ್ರಿ ಅಮ್ಮಾರ. ಮೊದಲ ಏನ್ ಮಾಡಬೇಕು?"

"ಮೊದಲ ಕೈ ತೊಳಕೊಂಡು ಬರ್ರಿ," ಎಂದಳು ಶಿವಕಾಂತಮ್ಮ.